ಫಾರ್ಮಸಿ ಏಕೆ ಎಂದು ಕೇಳಿದಾಗ ಏನು ಬರೆಯಬೇಕು?

ಪ್ರಶ್ನೆ: ನಾನು ಫಾರ್ಮಸಿ ಪದವಿಯ ಮೂರನೇ ವರ್ಷದಲ್ಲಿ ಓದುತ್ತಿದ್ದೇನೆ. ವೈದ್ಯಕೀಯ ಸೀಟು ಸಿಗಲಿಲ್ಲವೆಂಬ ಕಾರಣಕ್ಕೆ ಈ ಕೋರ್ಸಿಗೆ ಬಂದವರಲ್ಲಿ ನಾನೂ ಒಬ್ಬ. ಈಗ ಒಂದು ತರಬೇತಿಗೆ ಅರ್ಜಿ ಹಾಕಬೇಕಾಗಿದ್ದು, ಈ ಕ್ಷೇತ್ರವನ್ನು ಏಕೆ ಆರಿಸಿಕೊಂಡಿರಿ, ಇದುವರೆಗಿನ ಅನುಭವವೇನು, ಮುಂದಿನ ಗುರಿಯೇನು ಎಂಬುದನ್ನು ಎರಡು ಪುಟಗಳಲ್ಲಿ ಬರೆದುಕೊಡಲು ಹೇಳಿದ್ದಾರೆ. ಚಿಕ್ಕಂದಿನಿಂದಲೂ ಜನಸೇವೆಯ ಆಸೆಯಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಅನುಭವವೆಂದರೆ ರಜೆಯಲ್ಲಿ ಒಂದು ಔಷಧಿ ಅಂಗಡಿಯಲ್ಲಿ ಕೆಲಸ ಕಲಿತದ್ದು ಮತ್ತು ಕಾಲೇಜಿನ ಪ್ರಯೋಗಾಲಯ, ಅಷ್ಟೇ. ಆಸ್ಪತ್ರೆಗೆ ಹೋಗಬೇಕೋ, ಔಷಧ ಕಂಪನಿಗೋ, ಸಂಶೋಧನೆಗೋ ಎಂಬುದೂ ತೀರ್ಮಾನವಾಗಿಲ್ಲ. ಎರಡನೇ ವರ್ಷದಲ್ಲಿ ಫಾರ್ಮಕಾಲಜಿಯಲ್ಲಿ, ಅಂದರೆ ಔಷಧಗಳು ದೇಹದಲ್ಲಿ ಹೇಗೆ ಕೆಲಸ ಮಾಡುತ್ತವೆ ಎಂಬ ವಿಷಯದಲ್ಲಿ, ಒಮ್ಮೆ ಫೇಲಾಗಿ, ಮರುಪರೀಕ್ಷೆಯಲ್ಲಿ ಪಾಸಾಗಿದ್ದೇನೆ. ಅದನ್ನು ಹೇಳಬೇಕೇ, ಬಿಡಬೇಕೇ? ದಯವಿಟ್ಟು ತಿಳಿಸಿ.

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ನನ್ನ ಮನಸ್ಸಿಗೆ ಮೊದಲು ಹಿಡಿಸಿದ್ದು ಸುಳ್ಳು ಬರೆಯಲು ನಿಮಗಿರುವ ಹಿಂಜರಿಕೆ. ಅದನ್ನು ಬಿಟ್ಟುಕೊಡಬೇಡಿ. ಆಸ್ಪತ್ರೆಯ ಫಾರ್ಮಸಿ ವಿಭಾಗದಲ್ಲಿ ಕೆಲಸ ಮಾಡುತ್ತ, ವಿದ್ಯಾರ್ಥಿಗಳಿಗೆ ತರಬೇತಿ ಕೊಡುತ್ತ, ಇಂಥ ಬರಹಗಳನ್ನು ನಾನು ಬಹಳಷ್ಟು ಓದಿದ್ದೇನೆ. ಅವುಗಳಲ್ಲಿ ಹೆಚ್ಚಿನವು ಬಾಲ್ಯದ ಕನಸಿನಿಂದ ಆರಂಭವಾಗಿ, ಮನೆಯಲ್ಲಿ ಯಾರಿಗೋ ಬಂದ ಕಾಯಿಲೆಯನ್ನು ಹಾದು, ಸಮಾಜಕ್ಕೆ ನನ್ನ ಕೈಲಾದ ಸೇವೆ ಸಲ್ಲಿಸುತ್ತೇನೆ ಎಂಬಲ್ಲಿಗೆ ಮುಗಿಯುತ್ತವೆ. ಅದರಲ್ಲಿ ನಿಜವೂ ಇರಬಹುದು. ಆದರೆ ಫಾರ್ಮಸಿ ಎಂಬ ಪದವನ್ನು ತೆಗೆದು ಅಲ್ಲಿ ನರ್ಸಿಂಗ್ ಎಂದೋ ದಂತವೈದ್ಯಕೀಯ ಎಂದೋ ಹಾಕಿದಾಗಲೂ ಬೇರೆ ಯಾವ ವಾಕ್ಯವನ್ನೂ ತಿದ್ದಬೇಕಾಗಿ ಬರುವುದಿಲ್ಲ ಎಂದಾದರೆ, ಓದುವವರಿಗೆ ಆ ಬರಹದಿಂದ ನಿಮ್ಮ ಬಗ್ಗೆ ತಿಳಿಯುವುದು ಏನೂ ಇರುವುದಿಲ್ಲ. ಫಾರ್ಮಸಿಸ್ಟ್ ಮಾಡುವ ಕೆಲಸ ಎಂಥದೆಂಬುದು ಈ ವಿದ್ಯಾರ್ಥಿಯ ಕಣ್ಣಿಗೆ ಬಿದ್ದಿದೆಯೇ, ಬಿದ್ದ ಮೇಲೂ ಅದರಲ್ಲಿ ಮುಂದುವರಿಯುವ ಮನಸ್ಸಿದೆಯೇ ಎಂಬುದನ್ನೇ ಆಯ್ಕೆ ಮಾಡುವವರು ತಿಳಿಯಬಯಸುತ್ತಾರೆ.

ಆದ್ದರಿಂದ ಏಕೆ ಬಂದೆ ಎಂಬ ಪ್ರಶ್ನೆಯನ್ನೂ ಏಕೆ ಉಳಿದೆ ಎಂಬ ಪ್ರಶ್ನೆಯನ್ನೂ ಬೇರೆ ಬೇರೆಯಾಗಿ ನೋಡಿ. ಮೊದಲನೆಯದಕ್ಕೆ ನಿಮ್ಮ ಉತ್ತರ ಒಂದು ವಾಕ್ಯದಲ್ಲಿ ಮುಗಿಯುತ್ತದೆ: ವೈದ್ಯಕೀಯಕ್ಕೆ ಪ್ರಯತ್ನಿಸಿದೆ, ಸೀಟು ಸಿಗಲಿಲ್ಲ, ಫಾರ್ಮಸಿಗೆ ಸೇರಿದೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ಇದನ್ನು ಓದಿ ಯಾರೂ ಹುಬ್ಬೇರಿಸುವುದೂ ಇಲ್ಲ. ಹದಿನೇಳು ಹದಿನೆಂಟರ ವಯಸ್ಸಿನಲ್ಲಿ ಮಾಡಿದ ಆಯ್ಕೆಯ ಹಿಂದೆ ಅಂಕಗಳು, ಮನೆಯವರ ಮಾತು, ಸಿಕ್ಕ ಸೀಟು ಇವೆಲ್ಲ ಇರುವುದು ಸಹಜ. ಎರಡನೆಯ ಪ್ರಶ್ನೆಗೆ ಮಾತ್ರ ಪೂರ್ತಿ ಗಮನ ಕೊಡಬೇಕು, ಏಕೆಂದರೆ ಈ ವೃತ್ತಿಯಲ್ಲಿ ಮನುಷ್ಯರನ್ನು ಹಿಡಿದಿಡುವ ಪ್ರೇರಣೆ ಬಹುಮಟ್ಟಿಗೆ ಸೇರಿದ ಮೇಲೆಯೇ ಹುಟ್ಟುತ್ತದೆ.

ಔಷಧ ವಿಜ್ಞಾನಿ ಫ್ರಾನ್ಸಿಸ್ ಕೆಲ್ಸಿ ಎಂಬ ಮಹಿಳೆಯ ಜೀವನ ಇದಕ್ಕೆ ನಾನು ಬಲ್ಲ ಅತ್ಯುತ್ತಮ ನಿದರ್ಶನ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಫಾರ್ಮಕಾಲಜಿ ಓದಿದ್ದ ಅವರು 1936ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಪ್ರಯೋಗಾಲಯವೊಂದಕ್ಕೆ ಅರ್ಜಿ ಹಾಕಿದಾಗ, ಹೆಸರು ನೋಡಿ ಅವರನ್ನು ಗಂಡಸೆಂದು ಭಾವಿಸಿದ್ದ ಅಲ್ಲಿನ ಪ್ರಾಧ್ಯಾಪಕರಿಂದ ಬಂದ ಪತ್ರ ‘ಮಿಸ್ಟರ್’ ಎಂಬ ಸಂಬೋಧನೆಯಿಂದ ಆರಂಭವಾಗಿತ್ತು. ಅವರ ಪ್ರವೇಶದಲ್ಲಿಯೇ ಇಷ್ಟೊಂದು ಆಕಸ್ಮಿಕವಿತ್ತು. ಮರುವರ್ಷ, ಅಂದರೆ 1937ರಲ್ಲಿ, ಅಮೆರಿಕದಲ್ಲಿ ಸಲ್ಫಾನಿಲಮೈಡ್ ಎಂಬ ಔಷಧವನ್ನು ದ್ರವರೂಪದಲ್ಲಿ ಮಾರಲು ಹೊರಟ ಒಂದು ಕಂಪನಿ ಅದನ್ನು ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿ, ರಾಸ್ಪ್‌ಬೆರಿ ಹಣ್ಣಿನ ರುಚಿ ಸೇರಿಸಿ, ವಿಷಪರೀಕ್ಷೆಯನ್ನೇ ಮಾಡದೆ ಮಾರುಕಟ್ಟೆಗೆ ಬಿಟ್ಟಿತು. ಮಕ್ಕಳೂ ಸೇರಿ 100ಕ್ಕೂ ಹೆಚ್ಚು ಮಂದಿ ಸತ್ತರು. ಆ ಸಾವುಗಳಿಗೆ ಕಾರಣ ಹುಡುಕಿದ ಪ್ರಯೋಗಾಲಯದಲ್ಲಿ ವಿದ್ಯಾರ್ಥಿನಿಯಾಗಿ ಕೆಲಸ ಮಾಡುತ್ತಿದ್ದ ಕೆಲ್ಸಿ, ಔಷಧದಲ್ಲಿ ದೋಷವಿರಲಿಲ್ಲ, ಅದನ್ನು ಕರಗಿಸಿದ ದ್ರಾವಕವೇ ವಿಷವಾಗಿತ್ತು ಎಂಬುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಖಚಿತವಾಗುವುದನ್ನು ಹತ್ತಿರದಿಂದ ಕಂಡರು. 1960ರಲ್ಲಿ ಅವರು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಗೆ ಸೇರಿದಾಗ ಮೊದಲು ಕೈಗೆ ಬಂದ ಕಡತಗಳಲ್ಲಿ ಥಾಲಿಡೊಮೈಡ್‌ನದೂ ಒಂದು. ಯುರೋಪಿನಲ್ಲಿ ಆಗಲೇ ಧಾರಾಳವಾಗಿ ಮಾರಾಟವಾಗುತ್ತಿದ್ದ, ಗರ್ಭಿಣಿಯರಿಗೂ ಕೊಡುತ್ತಿದ್ದ ಮಾತ್ರೆಯದು. ಕಂಪನಿ ಎಷ್ಟು ಒತ್ತಾಯ ತಂದರೂ, ಸುರಕ್ಷತೆಯ ಬಗ್ಗೆ ಕೊಟ್ಟಿರುವ ಆಧಾರ ಸಾಲದು ಎಂದು ಅವರು ಮತ್ತೆ ಮತ್ತೆ ಕಡತವನ್ನು ಹಿಂದಿರುಗಿಸಿದರು. 1961ರ ಕೊನೆಯ ಹೊತ್ತಿಗೆ, ಆ ಮಾತ್ರೆ ಸೇವಿಸಿದ ತಾಯಂದಿರ ಮಕ್ಕಳು ಕೈಕಾಲುಗಳ ತೀವ್ರ ನ್ಯೂನತೆಯೊಂದಿಗೆ ಹುಟ್ಟುತ್ತಿದ್ದಾರೆಂಬುದು ಜಗತ್ತಿಗೆ ಗೊತ್ತಾಯಿತು.

ಇಷ್ಟು ದೊಡ್ಡ ಉದಾಹರಣೆ ಕೊಟ್ಟದ್ದು ನೀವೂ ಇಂಥದೇ ಸಾಹಸವನ್ನು ಬರೆಯಬೇಕೆಂದಲ್ಲ. ಆಧಾರ ತೋರಿಸಿ ಎಂದು ಪಟ್ಟುಹಿಡಿಯುವ ಗುಣ ವಿದ್ಯಾರ್ಥಿ ದೆಸೆಯಲ್ಲಿ ಪ್ರಯೋಗಾಲಯದ ಮೇಜಿನ ಮುಂದೆ ಕಂಡದ್ದರಿಂದಲೂ ಗಟ್ಟಿಯಾಗಬಲ್ಲದು ಎಂಬುದನ್ನು ತೋರಿಸುವುದಕ್ಕೆ. ನಿಮ್ಮ ಮೂರು ವರ್ಷಗಳಲ್ಲಿ ನಿಮ್ಮನ್ನು ತಡೆದು ನಿಲ್ಲಿಸಿದ್ದು ಯಾವುದು? ತರಗತಿಯಲ್ಲಿ ಕೇಳಿದ ಯಾವ ಸಂಗತಿಯನ್ನು ನೀವು ಪರೀಕ್ಷೆಗೆ ಬೇಡವಾಗಿದ್ದರೂ ಹುಡುಕಿ ಓದಿದಿರಿ? ಉತ್ತರ ಎಷ್ಟು ಚಿಕ್ಕದಾಗಿದ್ದರೂ ಚಿಂತೆಯಿಲ್ಲ, ನಿಮ್ಮ ಪ್ರೇರಣೆ ಅಲ್ಲಿದೆ.

ವೈದ್ಯಕೀಯದ ಬಗ್ಗೆ ಇನ್ನೊಂದು ಮಾತು. ಫಾರ್ಮಸಿಯನ್ನು ವೈದ್ಯನಾಗಲಾರದವನ ಸಮಾಧಾನದ ಬಹುಮಾನ ಎಂಬಂತೆ ಬರೆದರೆ ಆ ಧ್ವನಿ ಎರಡು ಪುಟಗಳ ಉದ್ದಕ್ಕೂ ಕೇಳಿಸುತ್ತದೆ. ಇವೆರಡೂ ಬೇರೆ ಬೇರೆ ಕೆಲಸಗಳೆಂಬ ತಿಳಿವಳಿಕೆ ಬಹಳ ಹಳೆಯದು. 13ನೆಯ ಶತಮಾನದಲ್ಲಿಯೇ ಸಿಸಿಲಿಯ ದೊರೆ ಎರಡನೇ ಫ್ರೆಡರಿಕ್, ಔಷಧ ತಯಾರಿಸುವವರ ವೃತ್ತಿಯನ್ನು ವೈದ್ಯರ ವೃತ್ತಿಯಿಂದ ಕಾನೂನಿನ ಮೂಲಕವೇ ಬೇರ್ಪಡಿಸಿ, ವೈದ್ಯರು ಅವರೊಡನೆ ವ್ಯಾಪಾರದ ಪಾಲುದಾರಿಕೆ ಇಟ್ಟುಕೊಳ್ಳಬಾರದೆಂದು ವಿಧಿಸಿದ್ದ. ರೋಗವನ್ನು ಗುರುತಿಸಿ ಚಿಕಿತ್ಸೆಯನ್ನು ತೀರ್ಮಾನಿಸುವವರು ಒಬ್ಬರು, ಬರೆದ ಔಷಧ ಈ ವ್ಯಕ್ತಿಗೆ, ಈ ಪ್ರಮಾಣದಲ್ಲಿ, ಇವರು ಈಗಾಗಲೇ ಸೇವಿಸುತ್ತಿರುವ ಉಳಿದ ಔಷಧಗಳ ಜೊತೆಯಲ್ಲಿ ಸರಿಹೋಗುತ್ತದೆಯೇ ಎಂದು ಸ್ವತಂತ್ರವಾಗಿ ನೋಡುವವರು ಇನ್ನೊಬ್ಬರು. ಈ ಎರಡನೆಯ ಕಣ್ಣು ಇಲ್ಲದಿದ್ದರೆ ಏನಾಗಬಹುದೆಂಬುದನ್ನು ತಿಳಿದವರಿಗೆ ಫಾರ್ಮಸಿ ಕೀಳೆನಿಸುವುದು ಸಾಧ್ಯವಿಲ್ಲ. ಒಂದು ವೇಳೆ ರೋಗಿಯನ್ನು ಪರೀಕ್ಷಿಸುವ, ರೋಗನಿರ್ಣಯ ಮಾಡುವ ಕೆಲಸದ ಮೇಲೆಯೇ ಇವತ್ತಿಗೂ ನಿಮ್ಮ ಮನಸ್ಸಿದ್ದರೆ, ಅರ್ಜಿ ಬರೆಯುವ ಮೊದಲು ಅದನ್ನು ನೀವೇ ನೇರವಾಗಿ ಎದುರಿಸಬೇಕು. ಅರ್ಜಿಯ ಭಾಷೆಯಿಂದ ಅದನ್ನು ಮುಚ್ಚಲಾಗದು.

ಆ ಎರಡನೆಯ ಕಣ್ಣಿನ ಕೆಲಸ ಹೇಗಿರುತ್ತದೆ ಎಂಬುದಕ್ಕೆ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ತೆಗೆದುಕೊಳ್ಳಿ. ಸಂಧಿವಾತಕ್ಕೆ ಇದನ್ನು ಕೊಡುವುದು ವಾರಕ್ಕೆ ಒಂದು ಸಲ. ಉಳಿದೆಲ್ಲ ಮಾತ್ರೆಗಳನ್ನು ದಿನಾಲೂ ನುಂಗುವ ರೂಢಿಯಿರುವ ರೋಗಿ ಇದನ್ನೂ ದಿನಾಲೂ ನುಂಗಿದರೆ ಮೂಳೆಮಜ್ಜೆಯಲ್ಲಿ ರಕ್ತಕಣಗಳ ಉತ್ಪಾದನೆ ಕುಗ್ಗುತ್ತದೆ, ಬಾಯಲ್ಲಿ ಹುಣ್ಣುಗಳಾಗುತ್ತವೆ, ಸೋಂಕು ತಡೆಯುವ ಶಕ್ತಿ ಇಲ್ಲವಾಗುತ್ತದೆ, ಸಾವೂ ಸಂಭವಿಸುತ್ತದೆ. ಬೇರೆ ಬೇರೆ ದೇಶಗಳಲ್ಲಿ ಇದು ಮತ್ತೆ ಮತ್ತೆ ನಡೆದಿದೆ. ಚೀಟಿಯಲ್ಲಿ ತಪ್ಪಿಲ್ಲದಿರಬಹುದು, ಮಾತ್ರೆಯೂ ಸರಿಯಾದದ್ದೇ ಇರಬಹುದು. ಅಪಾಯ ಇರುವುದು ಅಂಗಡಿಯ ಕಟ್ಟೆಯಿಂದ ರೋಗಿಯ ಮನೆಯವರೆಗಿನ ದಾರಿಯಲ್ಲಿ. ಬಲ್ಲ ಫಾರ್ಮಸಿಸ್ಟ್ ಈ ಮಾತ್ರೆಯನ್ನು ಕೈಗಿಡುವ ಮುನ್ನ ‘ವಾರದ ಯಾವ ದಿನ ತೆಗೆದುಕೊಳ್ಳುತ್ತೀರಿ?’ ಎಂದು ಕೇಳುತ್ತಾರೆ, ರೋಗಿಯ ಬಾಯಿಂದಲೇ ದಿನದ ಹೆಸರು ಹೇಳಿಸುತ್ತಾರೆ, ಆ ದಿನದ ಹೆಸರನ್ನು ಪೊಟ್ಟಣದ ಮೇಲೆ ಅಕ್ಷರಗಳಲ್ಲಿ ಬರೆಯುತ್ತಾರೆ, ಯಾವ ಕಾಯಿಲೆಗೆ ಎಂಬುದನ್ನೂ ಕೇಳಿ ಖಚಿತಪಡಿಸಿಕೊಳ್ಳುತ್ತಾರೆ. ಇಡೀ ಮಾತುಕತೆ ಮುಗಿಯಲು ಹೆಚ್ಚು ಹೊತ್ತು ಬೇಕಾಗಿಲ್ಲ. ಅದರ ಹಿಂದೆ ಮಾತ್ರ ನಾಲ್ಕು ವರ್ಷಗಳ ಓದು ಇರುತ್ತದೆ.

ಈಗ ನಿಮ್ಮ ಅನುಭವಕ್ಕೆ ಬರೋಣ. ‘ಅಷ್ಟೇ’ ಎಂದು ನೀವು ಬರೆದಿದ್ದೀರಿ. ನನಗೆ ಹಾಗೆನಿಸುವುದಿಲ್ಲ. ಅಂಗಡಿಯ ಕಟ್ಟೆಯ ಹಿಂದೆ ನಿಂತವರು ಕಾಣುವಷ್ಟು ಸಂಗತಿಗಳನ್ನು ಪಠ್ಯಪುಸ್ತಕ ತೋರಿಸಲಾರದು, ಆದರೆ ಕಂಡದ್ದನ್ನು ಗುರುತಿಸಿ ಬರೆಯುವ ಅಭ್ಯಾಸ ಬೇಕು. ‘ಔಷಧಿ ಅಂಗಡಿಯಲ್ಲಿ ಕೆಲಸ ಮಾಡಿ ಸಂವಹನ ಕೌಶಲ್ಯವನ್ನೂ ತಂಡದಲ್ಲಿ ದುಡಿಯುವ ಗುಣವನ್ನೂ ಬೆಳೆಸಿಕೊಂಡೆ’ ಎಂಬ ವಾಕ್ಯವನ್ನು ದಯವಿಟ್ಟು ಬರೆಯಬೇಡಿ. ಅದರ ಬದಲು ಒಂದೇ ಒಂದು ಸಂದರ್ಭವನ್ನು ತೆಗೆದುಕೊಂಡು, ಏನು ಕಂಡಿರಿ, ಏನು ಅರ್ಥವಾಗಲಿಲ್ಲ, ಏನನ್ನು ಹುಡುಕಿ ಓದಿದಿರಿ, ಮುಂದಿನ ಸಲ ನಿಮ್ಮ ನಡೆ ಹೇಗೆ ಬದಲಾಯಿತು ಎಂಬುದನ್ನು ಕ್ರಮವಾಗಿ ಹೇಳಿ.

ಉದಾಹರಣೆಗೆ, ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರೆಯನ್ನೂ ನೆಗಡಿಗೆಂದು ಬೇರೊಂದು ಮಾತ್ರೆಯನ್ನೂ ಒಟ್ಟಿಗೆ ಕೇಳುವವರನ್ನು ನೀವು ಖಂಡಿತ ಕಂಡಿರುತ್ತೀರಿ. ನೆಗಡಿಯ ಮಾತ್ರೆಗಳಲ್ಲಿ ಅನೇಕವು ತಮ್ಮೊಳಗೂ ಪ್ಯಾರಾಸಿಟಮಾಲ್ ಇಟ್ಟುಕೊಂಡಿರುತ್ತವೆ ಎಂಬುದು ಕೊಳ್ಳುವವರಿಗೆ ಗೊತ್ತಿರುವುದಿಲ್ಲ. ಆರೋಗ್ಯವಂತ ವಯಸ್ಕರಿಗೆ ದಿನವೊಂದಕ್ಕೆ ಸಾಮಾನ್ಯವಾಗಿ ಹೇಳುವ ಗರಿಷ್ಠ ಮಿತಿ 4 ಗ್ರಾಂ. ಸರಿಯಾದ ಪ್ರಮಾಣದಲ್ಲಿ ತೆಗೆದುಕೊಂಡಾಗ ಅದರ ಹೆಚ್ಚಿನ ಭಾಗವನ್ನು ಯಕೃತ್ತು ನಿರಪಾಯಕರ ವಸ್ತುಗಳಾಗಿ ಬದಲಿಸುತ್ತದೆ, ಅಲ್ಪ ಭಾಗ ಮಾತ್ರ ವಿಷಕಾರಿ ವಸ್ತುವಾಗಿ ಬದಲಾಗುತ್ತದೆ, ಅದನ್ನೂ ಯಕೃತ್ತಿನಲ್ಲಿರುವ ಗ್ಲುಟಾಥಯೋನ್ ಎಂಬ ರಕ್ಷಕ ವಸ್ತು ಹಿಡಿದು ನಿಷ್ಕ್ರಿಯಗೊಳಿಸುತ್ತದೆ. ಪ್ರಮಾಣ ಮಿತಿಮೀರಿದಾಗ ಗ್ಲುಟಾಥಯೋನ್ ಮುಗಿದು, ಆ ವಿಷವಸ್ತು ಯಕೃತ್ತಿನ ಜೀವಕೋಶಗಳನ್ನೇ ಕೊಲ್ಲತೊಡಗುತ್ತದೆ. ನೀವು ಫಾರ್ಮಕಾಲಜಿಯಲ್ಲಿ ಓದಿದ ಈ ಪುಟ, ಕಟ್ಟೆಯ ಮೇಲೆ ಪಕ್ಕಪಕ್ಕದಲ್ಲಿ ಕುಳಿತ ಎರಡು ಪೊಟ್ಟಣಗಳಲ್ಲಿ ನಿಮಗೆ ಕಂಡಿದ್ದರೆ, ಅದನ್ನು ಅಂಗಡಿಯ ಫಾರ್ಮಸಿಸ್ಟ್ ಅವರ ಗಮನಕ್ಕೆ ತಂದಿದ್ದರೆ, ಅದೇ ಅನುಭವ. ಅರ್ಧ ಪುಟವನ್ನು ಅದಕ್ಕೆ ಕೊಡಿ.

ಇನ್‌ಹೇಲರ್ ಇನ್ನೊಂದು ಒಳ್ಳೆಯ ಸಂದರ್ಭ. ವರ್ಷಗಳಿಂದ ಬಳಸುತ್ತಿರುವವರಿಗೂ ಅದನ್ನು ಬಳಸುವ ಕ್ರಮ ತಪ್ಪಿರುವುದು ತೀರ ಸಾಮಾನ್ಯ. ಅನಿಲದ ಒತ್ತಡದಿಂದ ಔಷಧ ಚಿಮ್ಮುವ ಇನ್‌ಹೇಲರನ್ನು ಅಲುಗಾಡಿಸಿ, ಉಸಿರನ್ನು ಪೂರ್ತಿ ಹೊರಬಿಟ್ಟು, ನಿಧಾನವಾಗಿ ಆಳವಾಗಿ ಒಳಗೆಳೆಯಲು ಆರಂಭಿಸಿದ ಕ್ಷಣದಲ್ಲಿ ಒತ್ತಬೇಕು, ಆಮೇಲೆ 10 ಸೆಕೆಂಡುಗಳಷ್ಟು ಉಸಿರು ಹಿಡಿಯಬೇಕು. ಒಣಪುಡಿಯ ಇನ್‌ಹೇಲರ್‌ಗಾದರೆ ಇದಕ್ಕೆ ವಿರುದ್ಧವಾಗಿ ಉಸಿರನ್ನು ಜೋರಾಗಿ, ರಭಸದಿಂದ ಎಳೆಯಬೇಕು. ಒಂದರಿಂದ ಇನ್ನೊಂದಕ್ಕೆ ಬದಲಾದ ರೋಗಿಗೆ ಇದನ್ನು ಯಾರೂ ಹೇಳದಿದ್ದರೆ ಔಷಧ ಶ್ವಾಸಕೋಶವನ್ನು ತಲುಪದೆ ಗಂಟಲಿನಲ್ಲಿಯೇ ಉಳಿಯುತ್ತದೆ, ಮತ್ತು ಔಷಧ ಕೆಲಸ ಮಾಡುತ್ತಿಲ್ಲವೆಂದು ಡೋಸ್ ಹೆಚ್ಚಿಸುವ ಪರಿಸ್ಥಿತಿ ಬರುತ್ತದೆ. ಸ್ಟೀರಾಯ್ಡ್ ಇನ್‌ಹೇಲರ್ ಆದರೆ, ಬಳಸಿದ ನಂತರ ಬಾಯಿ ಮುಕ್ಕಳಿಸದವರಿಗೆ ಬಾಯಲ್ಲಿ ಶಿಲೀಂಧ್ರದ ಸೋಂಕೂ ಆಗಬಹುದು. ‘ಸರಿಯಾಗಿ ಬಳಸುತ್ತಿದ್ದೀರಾ?’ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ‘ಹೇಗೆ ಬಳಸುತ್ತೀರಿ, ಒಮ್ಮೆ ತೋರಿಸಿ’ ಎಂದಾಗ ಮಾತ್ರ ನಿಜ ತಿಳಿಯುತ್ತದೆ. ಈ ವ್ಯತ್ಯಾಸವನ್ನು ತಾನಾಗಿ ಕಂಡುಕೊಂಡ ವಿದ್ಯಾರ್ಥಿಯನ್ನು ನಾನು ಬೇರೇನನ್ನೂ ಕೇಳದೆ ತರಬೇತಿಗೆ ಸೇರಿಸಿಕೊಳ್ಳುತ್ತೇನೆ.

ಇಂಥದನ್ನು ಬರೆಯುವಾಗ ಎರಡು ಎಚ್ಚರಗಳು ಬೇಕು. ರೋಗಿಯ ಹೆಸರು, ಊರು, ಗುರುತು ಹಿಡಿಯಬಹುದಾದ ಯಾವ ವಿವರವೂ ಬರಹದಲ್ಲಿ ಬರಬಾರದು. ಹಾಗೆಯೇ ವಿದ್ಯಾರ್ಥಿಯಾಗಿ ನಿಮಗಿಲ್ಲದ ಅಧಿಕಾರವನ್ನು ಇದ್ದಂತೆ ತೋರಿಸಬಾರದು. ನಾನು ಡೋಸ್ ಬದಲಿಸಿದೆ, ನಾನು ಔಷಧ ನಿಲ್ಲಿಸಿದೆ ಎಂದು ಬರೆದರೆ ಓದುವವರಿಗೆ ಮೆಚ್ಚುಗೆಗಿಂತ ಆತಂಕವೇ ಹೆಚ್ಚಾಗುತ್ತದೆ. ಅನುಮಾನ ಬಂದಾಗ ಯಾರ ಬಳಿ ಹೋದಿರಿ ಎಂಬುದನ್ನು ಸ್ಪಷ್ಟವಾಗಿ ಹೇಳಿ. ಗೊತ್ತಿಲ್ಲದಾಗ ಕೇಳುವವರೇ ಈ ವೃತ್ತಿಗೆ ಬೇಕು.

ಪ್ರಯೋಗಾಲಯವನ್ನೂ ಹೀಗೆಯೇ ನೋಡಿ. ಮಾತ್ರೆಯ ಕರಗುವಿಕೆಯ ಪರೀಕ್ಷೆಯನ್ನು ನೀವು ಮಾಡಿಯೇ ಇರುತ್ತೀರಿ: ಆರು ಪಾತ್ರೆಗಳು, ಸಾಮಾನ್ಯವಾಗಿ ಒಂದೊಂದರಲ್ಲಿ 900 ಮಿಲಿಲೀಟರ್ ದ್ರವ, 37 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ನಿಗದಿತ ವೇಗದಲ್ಲಿ ತಿರುಗಿ ದ್ರವವನ್ನು ಕಲಕುವ ಅಲಗುಗಳು, ಗೊತ್ತುಪಡಿಸಿದ ಸಮಯಕ್ಕೆ ತೆಗೆಯುವ ಮಾದರಿ. ರೆಕಾರ್ಡ್ ಪುಸ್ತಕದಲ್ಲಿ ಗ್ರಾಫ್ ಎಳೆದು ಸಹಿ ಹಾಕಿಸಿಕೊಂಡರೆ ಅದು ಅಲ್ಲಿಗೆ ಮುಗಿಯುತ್ತದೆ. ಆದರೆ ಗಟ್ಟಿತನದಲ್ಲಿ ಪಾಸಾದ ಮಾತ್ರೆ ಕರಗುವಿಕೆಯಲ್ಲಿ ಏಕೆ ಫೇಲಾಯಿತು ಎಂದು ನಿಮ್ಮ ತಂಡದಲ್ಲಿ ಯಾರಾದರೂ ಕೇಳಿದ್ದರೆ ಅದು ಬೇರೆಯೇ ಮಾತು. ಮಾತ್ರೆಯ ಮಿಶ್ರಣ ಅಚ್ಚಿಗೆ ಅಂಟದಿರಲೆಂದು ಹಾಕುವ ಮೆಗ್ನೀಸಿಯಂ ಸ್ಟಿಯರೇಟ್ ಹೆಚ್ಚಾದರೆ, ಅಥವಾ ಅದನ್ನು ಹಾಕಿದ ಮೇಲೆ ಮಿಶ್ರಣವನ್ನು ಬಹಳ ಹೊತ್ತು ಕಲಸಿದರೆ, ಅದು ಔಷಧದ ಕಣಗಳ ಸುತ್ತ ನೀರು ತಾಗದ ತೆಳು ಪದರವಾಗಿ ಹರಡಿಕೊಂಡು ಕರಗುವುದನ್ನು ತಡಮಾಡುತ್ತದೆ. ಔಷಧದ ಪ್ರಮಾಣ ಒಂದು ಮಿಲಿಗ್ರಾಮೂ ಬದಲಾಗದೆ ಔಷಧದ ವರ್ತನೆ ಬದಲಾಗಿಬಿಡುತ್ತದೆ.

ಇದು ಪುಸ್ತಕದ ಮಾತಾಗಿ ಉಳಿದಿಲ್ಲ. ಆಸ್ಟ್ರೇಲಿಯಾದಲ್ಲಿ 1968ರ ಸುಮಾರಿಗೆ ಮೂರ್ಛೆರೋಗಕ್ಕೆ ಫೆನಿಟಾಯಿನ್ ಕ್ಯಾಪ್ಸೂಲ್ ಸೇವಿಸುತ್ತಿದ್ದ ಅನೇಕ ರೋಗಿಗಳಲ್ಲಿ ವಿಷದ ಲಕ್ಷಣಗಳು ಕಾಣಿಸಿಕೊಂಡವು. ಅವರ ಡೋಸ್ ಬದಲಾಗಿರಲಿಲ್ಲ. ಕ್ಯಾಪ್ಸೂಲ್ ತುಂಬಲು ಬಳಸುತ್ತಿದ್ದ ಕ್ಯಾಲ್ಸಿಯಂ ಸಲ್ಫೇಟ್ ಬದಲಿಗೆ ಲ್ಯಾಕ್ಟೋಸ್ ಹಾಕಲಾಗಿತ್ತು. ಹಳೆಯ ಭರ್ತಿವಸ್ತುವಿನೊಂದಿಗೆ ಔಷಧದ ಒಂದು ಭಾಗ ದೇಹಕ್ಕೆ ಹೀರಲ್ಪಡದೆ ಹೋಗುತ್ತಿತ್ತು, ಹೊಸದರೊಂದಿಗೆ ಹೆಚ್ಚು ಹೀರಲ್ಪಟ್ಟು ರಕ್ತದಲ್ಲಿನ ಮಟ್ಟ ಏರಿತು. ಔಷಧವಲ್ಲದ, ಕೇವಲ ತುಂಬುವ ಪುಡಿ ಎಂದು ನಾವು ತಿಳಿದಿರುವ ವಸ್ತುವೊಂದು ಇಷ್ಟು ಮಾಡಬಲ್ಲದೆಂಬುದನ್ನು ವೈದ್ಯಕೀಯ ವಿದ್ಯಾರ್ಥಿಗೆ ಯಾರೂ ವಿಸ್ತಾರವಾಗಿ ಕಲಿಸುವುದಿಲ್ಲ. ನಿಮಗೆ ಕಲಿಸುತ್ತಾರೆ. ನಿಮ್ಮ ವಿದ್ಯೆಯ ವಿಶಿಷ್ಟತೆ ಎಲ್ಲಿದೆ ಎಂದು ಕೇಳಿದರೆ ನಾನು ಮೊದಲು ತೋರಿಸುವ ಜಾಗ ಇದು.

ಗುರಿಯ ವಿಚಾರದಲ್ಲಿ ವಿದ್ಯಾರ್ಥಿಗಳು ಮಾಡುವ ಒಂದು ಕೆಲಸ ನನಗೆ ಸರಿ ಕಾಣುವುದಿಲ್ಲ: ಐದು ವರ್ಷಗಳಲ್ಲಿ ಮ್ಯಾನೇಜರ್, ಹತ್ತು ವರ್ಷಗಳಲ್ಲಿ ನಿರ್ದೇಶಕ ಎಂದು ಹುದ್ದೆಗಳ ಪಟ್ಟಿ ಕೊಡುವುದು. ಹುದ್ದೆಯ ಬದಲು ಸಮಸ್ಯೆಯನ್ನು ಗುರಿಯಾಗಿ ಬರೆಯಿರಿ. ಅಮೆರಿಕದ ವಿಜ್ಞಾನಿ ಗರ್ಟ್ರೂಡ್ ಎಲಿಯನ್ ಅವರಿಗೆ ಹದಿಹರೆಯದಲ್ಲಿ ಅಜ್ಜ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಹುಟ್ಟಿದ ಆಸೆ ಆ ರೋಗಕ್ಕೆ ಔಷಧ ಹುಡುಕಬೇಕೆಂಬುದಾಗಿತ್ತು. 1937ರಲ್ಲಿ ರಸಾಯನಶಾಸ್ತ್ರದ ಪದವಿ ಮುಗಿಸಿದ ಮೇಲೆ, ಹೆಣ್ಣೆಂಬ ಕಾರಣಕ್ಕೆ ಪ್ರಯೋಗಾಲಯದ ಕೆಲಸಗಳು ಸಿಗದೆ ಪಾಠ ಹೇಳಿದರು, ಆಹಾರದ ಗುಣಮಟ್ಟ ಪರೀಕ್ಷಿಸುವ ಕೆಲಸ ಮಾಡಿದರು, 1944ರಲ್ಲಿ ಒಂದು ಔಷಧ ಕಂಪನಿಯ ಪ್ರಯೋಗಾಲಯ ಸೇರಿದರು. ರಕ್ತಕ್ಯಾನ್ಸರ್‌ಗೆ ಬಳಸುವ ಮರ್ಕ್ಯಾಪ್ಟೊಪ್ಯೂರಿನ್, ಅಂಗಾಂಗ ಕಸಿಯನ್ನು ಸಾಧ್ಯವಾಗಿಸಿದ ಅಜಥಯೊಪ್ರಿನ್ ಅಲ್ಲಿಂದ ಬಂದವು, 1988ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂತು. ಕೆಲಸದ ಹೆಸರುಗಳು ಬದಲಾಗುತ್ತಲೇ ಇದ್ದವು, ಹಿಡಿದ ಸಮಸ್ಯೆ ಮಾತ್ರ ಉದ್ದಕ್ಕೂ ಜೊತೆಯಲ್ಲಿತ್ತು.

ಆಸ್ಪತ್ರೆ, ಕಂಪನಿ, ಸಂಶೋಧನೆ ಎಂಬ ಮೂರು ದಾರಿಗಳನ್ನು ನೀವು ಹೆಸರಿಸಿದ್ದೀರಿ. ಅಂಗಡಿಯ ಫಾರ್ಮಸಿ, ಔಷಧ ನಿಯಂತ್ರಣ, ಬೋಧನೆ ಇವೂ ಇವೆ. ಇವುಗಳಲ್ಲಿ ಯಾವುದು ಮೇಲು ಎಂಬ ಚರ್ಚೆಯಿಂದ ಪ್ರಯೋಜನವಿಲ್ಲ. ದಿನದ ಹೆಚ್ಚಿನ ಹೊತ್ತು ನಿಮ್ಮ ಮುಂದೆ ಏನಿರಬೇಕೆಂದು ನೀವು ಬಯಸುತ್ತೀರಿ ಎಂಬುದನ್ನು ಕೇಳಿಕೊಳ್ಳಿ: ಮನುಷ್ಯರೇ, ಯಂತ್ರಗಳೇ, ಅಂಕಿಅಂಶಗಳೇ? ಕ್ಲಿನಿಕಲ್ ಫಾರ್ಮಸಿಯಲ್ಲಿ ಮನುಷ್ಯರೂ ಅಂಕಿಗಳೂ ಒಟ್ಟಿಗೆ ಇರುತ್ತವೆ. ವಾರ್ಡ್ ರೌಂಡ್ಸ್ ಹೊತ್ತಿನಲ್ಲಿ ವಯಸ್ಸಾದ ರೋಗಿಯೊಬ್ಬರ ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡಗಳು ಹೊರಹಾಕುವ ತ್ಯಾಜ್ಯವಸ್ತು) ಎಷ್ಟಿದೆ ಎಂಬ ವರದಿ ನೋಡಿ, 1976ರಲ್ಲಿ ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ ಪ್ರಕಟಿಸಿದ ಸೂತ್ರದಲ್ಲಿ ವಯಸ್ಸು ಮತ್ತು ತೂಕ ಹಾಕಿ, ಮೂತ್ರಪಿಂಡಗಳ ಸಾಮರ್ಥ್ಯ ಅರ್ಧಕ್ಕಿಂತ ಕಡಿಮೆಯಾಗಿದೆ, ಹೀಗಾಗಿ ಈ ಆ್ಯಂಟಿಬಯೋಟಿಕ್‌ನ ಡೋಸ್‌ಗಳ ನಡುವಿನ ಅಂತರ ಹೆಚ್ಚಿಸಬೇಕು ಎಂದು ವೈದ್ಯರಿಗೆ ಸೂಚಿಸುವ ಕೆಲಸ ಅದು. ಔಷಧವನ್ನು ಒದಗಿಸಿದರೆ ಸಾಲದು, ಅದರಿಂದ ರೋಗಿಗೆ ಆಗುವ ಫಲಿತಾಂಶಕ್ಕೂ ಫಾರ್ಮಸಿಸ್ಟ್ ಹೊಣೆಗಾರ ಎಂಬ ವಿಚಾರವನ್ನು 1990ರಲ್ಲಿ ಅಮೆರಿಕದ ಫಾರ್ಮಸಿ ಪ್ರಾಧ್ಯಾಪಕರಾದ ಹೆಪ್ಲರ್ ಮತ್ತು ಸ್ಟ್ರಾಂಡ್ ಸ್ಪಷ್ಟ ರೂಪದಲ್ಲಿ ಮಂಡಿಸಿದರು. ಈ ಶಾಖೆಯ ಬೆಳವಣಿಗೆಗೆ ಅದು ದೊಡ್ಡ ಬಲ ಕೊಟ್ಟಿತು.

ಔಷಧ ಸುರಕ್ಷತೆಯ ನಿಗಾ, ಅಂದರೆ ಫಾರ್ಮಕೊವಿಜಿಲೆನ್ಸ್ ಬಗ್ಗೆ ವಿಶೇಷವಾಗಿ ಹೇಳಬೇಕೆನಿಸುತ್ತದೆ, ಏಕೆಂದರೆ ಪದವಿ ವಿದ್ಯಾರ್ಥಿಗಳು ಇದನ್ನು ಎರಡು ಅಂಕಗಳ ಪ್ರಶ್ನೆಯಾಗಿ ಓದಿ ಬಿಟ್ಟುಬಿಡುತ್ತಾರೆ. ಮಾರುಕಟ್ಟೆಗೆ ಬರುವ ಮುನ್ನ ಹೊಸ ಔಷಧವನ್ನು ಪರೀಕ್ಷಿಸುವುದು ಕೆಲವು ಸಾವಿರ ಜನರ ಮೇಲೆ. ಹತ್ತು ಸಾವಿರಕ್ಕೆ ಒಬ್ಬರಲ್ಲಿ ಕಾಣಿಸುವ ಅಡ್ಡಪರಿಣಾಮ ಅಲ್ಲಿ ಕಣ್ತಪ್ಪುವುದು ಗಣಿತದ ದೃಷ್ಟಿಯಿಂದಲೇ ಸಹಜ. ಥಾಲಿಡೊಮೈಡ್‌ನ ಹಾನಿಯನ್ನು ಮೊದಲು ಎತ್ತಿ ತೋರಿಸಿದವರು ತಮ್ಮ ಬಳಿ ಬಂದ ತಾಯಿ ಮಕ್ಕಳನ್ನು ಗಮನಿಸಿದ ಜರ್ಮನಿಯ ಲೆನ್ಜ್ ಮತ್ತು ಆಸ್ಟ್ರೇಲಿಯಾದ ಮ್ಯಾಕ್‌ಬ್ರೈಡ್ ಎಂಬ ವೈದ್ಯರು. ಆ ದುರಂತದ ನಂತರ, 1968ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ದೇಶ ದೇಶಗಳ ಅಡ್ಡಪರಿಣಾಮದ ವರದಿಗಳನ್ನು ಒಂದೆಡೆ ಸೇರಿಸುವ ವ್ಯವಸ್ಥೆ ಆರಂಭಿಸಿತು. 1978ರಿಂದ ಅದನ್ನು ಸ್ವೀಡನ್ನಿನ ಉಪ್ಸಾಲಾದ ಕೇಂದ್ರ ನಡೆಸುತ್ತಿದೆ. ಆ ಕಣಜಕ್ಕೆ ಹೋಗುವ ಒಂದೊಂದು ಕಾಳೂ ಎಲ್ಲೋ ಒಂದು ಕಡೆ ಒಬ್ಬರು ತಾಳ್ಮೆಯಿಂದ ತುಂಬಿದ ನಮೂನೆ. ಕಟ್ಟೆಯ ಹಿಂದೆ ನಿಂತು ‘ಈ ಮಾತ್ರೆ ತಗೊಂಡ ಮೇಲೆ ಮೈಯೆಲ್ಲ ಕೆಂಪಾಯ್ತು’ ಎಂಬ ಮಾತನ್ನು ನೀವು ಕೇಳಿದ್ದರೆ, ಆಗ ಏನು ಮಾಡಬೇಕಿತ್ತೆಂಬುದನ್ನು ಈಗ ತಿಳಿದುಕೊಂಡರೆ, ನಿಮ್ಮ ಅನುಭವಕ್ಕೂ ಗುರಿಗೂ ನಡುವೆ ಸೇತುವೆ ತಾನಾಗಿ ಬೀಳುತ್ತದೆ.

ಇನ್ನೂ ತೀರ್ಮಾನವಾಗಿಲ್ಲವೆಂಬುದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಎಲ್ಲವೂ ಇಷ್ಟ ಎಂದು ಬರೆದು ನಿಲ್ಲಿಸಬಾರದು. ‘ರೋಗಿಗಳು ಔಷಧವನ್ನು ತಪ್ಪಾಗಿ ಬಳಸುವುದರಿಂದ ಆಗುವ ಹಾನಿಯ ಬಗ್ಗೆ ಕೆಲಸ ಮಾಡಬೇಕೆಂದಿದ್ದೇನೆ, ಅದನ್ನು ವಾರ್ಡಿನಲ್ಲಿ ಮಾಡಬೇಕೋ ಸುರಕ್ಷತೆಯ ವಿಭಾಗದಲ್ಲಿ ಮಾಡಬೇಕೋ ಎಂಬುದು ಈ ತರಬೇತಿಯಲ್ಲಿ ಗೊತ್ತಾಗಬಹುದು’ ಎಂಬ ಮಾತು ಪ್ರಾಮಾಣಿಕವೂ ಹೌದು, ನಿರ್ದಿಷ್ಟವೂ ಹೌದು. ಬೆನ್ನಿಗೆ ಆಧಾರ ಬೇಕಿದ್ದರೆ, ಔಷಧಗಳಿಂದಾಗುವ ತಪ್ಪಿಸಬಹುದಾದ ತೀವ್ರ ಹಾನಿಯನ್ನು ಐದು ವರ್ಷಗಳಲ್ಲಿ ಅರ್ಧಕ್ಕಿಳಿಸುವ ಗುರಿಯಿಟ್ಟು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಜಾಗತಿಕ ಅಭಿಯಾನವನ್ನೇ ಆರಂಭಿಸಿತು ಎಂಬುದನ್ನು ಒಂದು ಸಾಲಿನಲ್ಲಿ ಹೇಳಬಹುದು. ಆದರೆ ಇಂಥ ಸಾಲುಗಳು ಒಂದಕ್ಕಿಂತ ಹೆಚ್ಚು ಬೇಡ, ಎರಡು ಪುಟಗಳ ಬರಹದಲ್ಲಿ ಜಾಗವಿರಬೇಕಾದದ್ದು ನಿಮ್ಮ ಕಣ್ಣಾರೆ ಕಂಡದ್ದಕ್ಕೆ. ಅರ್ಜಿ ಕಳುಹಿಸುವ ಮೊದಲು ಸಾಧ್ಯವಾದರೆ ಆಸ್ಪತ್ರೆಯ ಫಾರ್ಮಸಿಸ್ಟ್ ಒಬ್ಬರ ಜೊತೆ ಒಂದು ದಿನ ಕಳೆಯಿರಿ, ಮತ್ತು ನಿಮಗೆ ಚೆನ್ನಾಗಿ ಗೊತ್ತಿದೆಯೆಂದುಕೊಂಡಿರುವ ಯಾವುದಾದರೂ ಒಂದು ಔಷಧದ ಮಾಹಿತಿ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿ. ಬೇಸರವಾದರೆ ಅದೂ ನಿಮಗೆ ಒಂದು ಮಾಹಿತಿಯೇ.

ಫಾರ್ಮಕಾಲಜಿಯ ಅಂಕಗಳ ವಿಷಯ. ಅಂಕಪಟ್ಟಿಯನ್ನು ಅರ್ಜಿಯೊಂದಿಗೆ ಲಗತ್ತಿಸಬೇಕಾಗಿದ್ದರೆ ಅದು ಹೇಗೂ ಕಾಣುತ್ತದೆ, ಆದ್ದರಿಂದ ನೀವೇ ಎರಡು ವಾಕ್ಯಗಳಲ್ಲಿ ಹೇಳಿಬಿಡುವುದು ಒಳ್ಳೆಯದು. ಕಾಯಿಲೆ ಬಿದ್ದಿದ್ದರೆ, ಮನೆಯಲ್ಲಿ ತೊಂದರೆಯಿದ್ದರೆ ಅದನ್ನು ಒಂದೇ ವಾಕ್ಯದಲ್ಲಿ ಮುಗಿಸಿ. ಎರಡನೆಯ ವಾಕ್ಯ ಓದುವ ಕ್ರಮದಲ್ಲಿ ಏನು ಬದಲಾಯಿತು ಎಂಬುದರ ಬಗ್ಗೆ ಇರಲಿ. ಔಷಧಗಳ ಹೆಸರುಗಳನ್ನು ಕಂಠಪಾಠ ಮಾಡುತ್ತಿದ್ದೆ, ಈಗ ಒಂದು ಔಷಧ ದೇಹದಲ್ಲಿ ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿಂದ ಹೊರಹೋಗುತ್ತದೆ ಎಂಬುದನ್ನು ಮೊದಲು ಓದಿ ಅಡ್ಡಪರಿಣಾಮಗಳನ್ನು ಅದರಿಂದ ಊಹಿಸಲು ಪ್ರಯತ್ನಿಸುತ್ತೇನೆ ಎಂಬಂಥ ಮಾತು ನಿಮ್ಮ ವಿಷಯದಲ್ಲಿ ನಿಜವಾಗಿದ್ದರೆ ಬರೆಯಿರಿ. ಅಂಕಪಟ್ಟಿಯನ್ನು ಕೇಳಿಲ್ಲವಾದರೆ ಬರಹದಲ್ಲಿ ಅದನ್ನು ಎತ್ತಬೇಕಾಗಿಲ್ಲ, ಸಂದರ್ಶನದಲ್ಲಿ ಕೇಳಿದಾಗ ಇದ್ದದ್ದನ್ನು ಇದ್ದಂತೆ ಹೇಳಿದರೆ ಸಾಕು. ಕೇಳುವವರಲ್ಲಿ ಒಬ್ಬರಾದರೂ ಮರುಪರೀಕ್ಷೆಯಲ್ಲಿ ಬಂದ ಅಂಕವನ್ನೂ, ಆ ಪರೀಕ್ಷೆಗೆ ಓದಿದ ಔಷಧಗಳಲ್ಲಿ ಒಂದರ ಬಗ್ಗೆಯೂ ಪ್ರಶ್ನೆ ಹಾಕುವ ಸಾಧ್ಯತೆಯಿದೆ. ಪ್ಯಾರಾಸಿಟಮಾಲ್ ಸಂದರ್ಭವನ್ನೇ ಬರಹದಲ್ಲಿ ಬಳಸುವುದಾದರೆ, ಮಿತಿಮೀರಿದ ಡೋಸ್‌ಗೆ ಅಸಿಟೈಲ್‌ಸಿಸ್ಟೀನ್ ಅನ್ನು ಪ್ರತಿವಿಷವಾಗಿ ಏಕೆ ಕೊಡುತ್ತಾರೆ, ಅದು ಗ್ಲುಟಾಥಯೋನನ್ನು ಹೇಗೆ ಮರುಪೂರಣ ಮಾಡುತ್ತದೆ, ಸೇವಿಸಿದ ಮೊದಲ 8 ಗಂಟೆಗಳೊಳಗೆ ಕೊಡುವುದಕ್ಕೆ ಏಕೆ ಅಷ್ಟು ಮಹತ್ವ ಎಂಬುದನ್ನು ವಿವರಿಸಲು ಸಿದ್ಧರಾಗಿ ಹೋಗಿ.